ಗಾಲಿಯ ಕರಿ ತೊಗಲು

"ಅಜ್ಜಾರ, ಮನಸ್ಸಿಗೆ ಅಂಟಿಕೊಂಡ ಮನುಷ್ಯನನ್ನ ಕಿತ್ತು ಹಾಕೋದು ಹೆಂಗ್ರೀ?"

ಹೀಗೆ ಕೇಳಿದವನು ಶಿವಪುತ್ರ. ಮಠಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ತಂದೆ ತಾಯಿ ಇಲ್ಲದ ಅವನನ್ನು ಸಾಕಿದವನು ಅಣ್ಣ. ಅಣ್ಣ ಸಾಕಿದ, ಗದರಿಸಿದ, ಹೊಡೆದ. ಏನು ಉಡಬೇಕು, ಯಾರ ಜೊತೆ ಮಾತಾಡಬೇಕು ಎಂಬುದನ್ನೂ ತಾನೇ ಹೇಳಿದ. ಒಂದು ದಿನ ಶಿವಪುತ್ರ ಹೇಳದೆ ಕೇಳದೆ ಮನೆ ಬಿಟ್ಟು ಬಂದುಬಿಟ್ಟ. ದೀಕ್ಷೆ ಕೊಡಿರೆಂದು ಮಠದ ಸ್ವಾಮಿಗಳಾದ ಅಜ್ಜನವರನ್ನು ಕೇಳಿದ. ಮನಸ್ಸು ಹಗುರ ಮಾಡಿಕೊಂಡು ಬಾ, ಆಮೇಲೆ ನೋಡೋಣ ಎಂದಿದ್ದರು ಅಜ್ಜ.

"ಜಪ ಮಾಡಿದ್ನಿ, ಉಪವಾಸ ಮಾಡಿದ್ನಿ. ಉಜ್ಜಿದಷ್ಟೂ ಅಣ್ಣ ಚೂರುಚೂರಾಗಿ ಅಲ್ಲಲ್ಲೇ ಉಳೀತಾನ್ರೀ. ಹಿಂಗಾದ್ರ ನನಗ ದೀಕ್ಷೆ ಯಾವಾಗ?"

ಅಜ್ಜ ಜೋಳ ಹಸನು ಮಾಡುತ್ತಿದ್ದರು. ಮೊರವನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಡ್ರೈವರ್ ಇದ್ದ. ಅವನಿಗೆ ಗಾಡಿ ಹೊಡೆಯುವುದನ್ನು ಕಲಿಸಿದವನು ಒಬ್ಬ ಉಸ್ತಾದ. ಉಸ್ತಾದನ ಬಳಿ ಸ್ವಂತದ್ದೊಂದು ಬಾಡಿಗೆ ಕಾರು ಇತ್ತು. ಅದರ ಗಾಲಿಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಕಾರು ಬಂದ ಹೊಸತರಲ್ಲೇ ಉಸ್ತಾದ ಆ ಗಾಲಿಗಳಿಗೆಲ್ಲ ಕರಿ ರಬ್ಬರ್ ಬಣ್ಣ ಹೊಡೆದುಬಿಟ್ಟ. ಡಬ್ಬಿಯ ಮೂತಿ ಒತ್ತಿದರೆ ಹೊಗೆಯಂತೆ ಹೊರಬರುವ ಬಣ್ಣ ಅದು. ಒಣಗಿದ ಮೇಲೆ ರಬ್ಬರಾಗಿ ಗಾಲಿಗೆ ತೊಗಲಿನಂತೆ ಕೂರುತ್ತದೆ. ಬೇಡವಾದಾಗ ಸುಲಿದು ತೆಗೆಯಬಹುದು.

"ಇಷ್ಟು ಚೆಂದದ ಗಾಲಿಗೆ ಬುರ್ಖಾ ಹಾಕಿದೆಲ್ಲೋ ಮಾರಾಯ" ಎಂದು ಟ್ಯಾಕ್ಸಿ ಸ್ಟ್ಯಾಂಡಿನವರು ನಕ್ಕರು.

"ನಮ್ಮ ರಸ್ತಾದಾಗ ಚೆಂದ ಉಳೀಬೇಕಂದ್ರ ಮುಚ್ಚಿಕೊಂಡೇ ಉಳೀಬೇಕು" ಎಂದ ಉಸ್ತಾದ.

ವರ್ಷಗಳು ಹೋದವು. ಉಸ್ತಾದನ ಕಣ್ಣು ಮಂಜಾಯಿತು. ಒಂದು ದಿನ ಕಾರಿನ ಕೀಲಿಯನ್ನು ತನ್ನ ಹತ್ತಿರ ಕಲಿತ ಡ್ರೈವರನ ಕೈಗಿಟ್ಟ. "ನನಗ ರಸ್ತಾ ಕಾಣವಲ್ದು. ಇನ್ನ ನೀನೇ ನಡಸು" ಎಂದ. ಗಾಡಿಯನ್ನು ಅವನ ಹೆಸರಿಗೇ ಮಾಡಿಕೊಟ್ಟ. ಬದಲಿಗೆ ಏನನ್ನೂ ಕೇಳಲಿಲ್ಲ.

ಕಾರು ಬಂತು. ಆದರೆ ಕಾರಿನೊಳಗಿಂದ ಉಸ್ತಾದ ಇಳಿಯಲಿಲ್ಲ. ಸ್ಟ್ಯಾಂಡಿನಲ್ಲಿ ಎಲ್ಲರೂ ಅದನ್ನು ಉಸ್ತಾದನ ಗಾಡಿ ಎಂದೇ ಕರೆಯುತ್ತಿದ್ದರು. ಕರಿ ಗಾಲಿ ದೂರದಿಂದ ಕಂಡರೆ ಸಾಕು, ಉಸ್ತಾದ ಬಂದ ಎನ್ನುತ್ತಿದ್ದರು. ಹತ್ತಿರ ಬಂದವರು ಒಳಗೆ ಬಗ್ಗಿ ನೋಡಿ, "ಓ, ನೀನೇನು?" ಎಂದು ಮುಖ ಸಣ್ಣ ಮಾಡುತ್ತಿದ್ದರು. ಡ್ರೈವರ್ ಒಬ್ಬನೇ ಹೋಗುವಾಗಲೂ ಪಕ್ಕದ ಸೀಟಿನಿಂದ ಹಳೆಯ ಬೈಗುಳ ಕೇಳಿಸುತ್ತಿತ್ತು. "ಕ್ಲಚ್ ಮ್ಯಾಲಿಂದ ಕಾಲು ತೆಗಿಯೋ. ಅದೇನು ನಿಮ್ಮಪ್ಪ ಕಟ್ಟಿಸಿದ ಕಟ್ಟಿ ಅಂತ ತಿಳಿದಿಯೇನು?"

ಆ ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಮದುವೆ ಬಟ್ಟೆಗೆ ಬರುವ ಬೀಗರನ್ನು ಕರೆತರಲು, ಮನೆ ಮುಟ್ಟಿಸಲು ಅವನಿಗೆ ಕಾಯಂ ಒಂದು ಗಾಡಿ ಬೇಕಿತ್ತು. ಅವನು ಬಂದು ಕಾರನ್ನು ಸುತ್ತಿ ನೋಡಿದ.

"ಗಾಡಿ ಛಲೋ ಐತಿ. ಗಾಲಿ ನೋಡಿದ್ರ ಮಾತ್ರ ಹೆಣ ಒಯ್ಯೋ ಗಾಡಿ ಕಂಡಂಗ ಆಗ್ತದ. ಮದುವಿ ಮಂದೀನ ಇದರಾಗ ಕೂರಸಲೇನು? ಆ ಕರೇದು ತೆಗಿ. ಸಂತಿ ದಿವಸ ಬಂದು ನೋಡ್ತೀನಿ. ಗಾಲಿ ಹೊಳೀಬೇಕು, ಗೀರು ಇರಬಾರದು."

ಡ್ರೈವರನಿಗೆ ಖುಷಿಯಾಯಿತು. ಅವನಿಗೆ ಕೆಲಸ ಬೇಕಿತ್ತು. ಕೆಲಸಕ್ಕಿಂತಲೂ ಗಾಡಿಯ ಮೇಲಿಂದ ಉಸ್ತಾದನ ಗುರುತು ಹೋಗಬೇಕಿತ್ತು.

ಒಂದು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಉಗುರಿನಿಂದ ಕೆರೆದ. ಬಣ್ಣ ತೀರಾ ತೆಳ್ಳಗಿತ್ತು. ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆ ಚಕ್ಕೆಯಾಗಿ ಎದ್ದಿತು. ಎದ್ದಷ್ಟು ಎದ್ದು ಉಳಿದದ್ದು ಅಲ್ಲೇ ಹಿಡಿದುಕೊಂಡಿತು. ಉಗುರು ನೋಯಿತು. ಸ್ಕ್ರೂಡ್ರೈವರ್ ತಂದ. ಒತ್ತಿ ಎಳೆದ. ಅದು ಜಾರಿತು.

ರಬ್ಬರ್ ಹರಿದ ಜಾಗದಲ್ಲಿ ಬೆಳ್ಳಿ ಹೊಳಪು ಕಂಡಿತು. ಹೊಳಪಿನ ಮೇಲೆ ಒಂದು ಗೀರೂ ಕಂಡಿತು. ಬೆರಳಾಡಿಸಿದರೆ ಸಿಗುವಷ್ಟು ಆಳ.

ಅವನ ಕೈ ನಿಂತಿತು.

ಥಿನ್ನರ್ ಹಚ್ಚು, ಕರಗಿ ಹೋಗ್ತದ ಎಂದ ಸ್ಟ್ಯಾಂಡಿನ ಗೆಳೆಯ. ಹಾಗೇ ಮಾಡುವವನಿದ್ದ. ಗಾಡಿಗಳಿಗೆ ಪೇಂಟ್ ಹೊಡೆಯುವವನೊಬ್ಬ ತಡೆದ. "ಕರೇದೂ ಕರಗ್ತದ, ಅದರ ಬೆನ್ನಿಗೆ ಹೊಳಪೂ ಕರಗ್ತದ. ಹೊಡೆದವನು ಇನ್ನೂ ಅದಾನಲ್ಲ? ಅವನ್ನ ಕೇಳು."

ಅದೊಂದು ಅವನಿಗೆ ಬೇಡವಾಗಿತ್ತು. ಆದರೆ ಸಂತೆ ಹತ್ತಿರ ಬರುತ್ತಿತ್ತು. ಕಾರು ತೆಗೆದುಕೊಂಡು ಹೋದ.

ಉಸ್ತಾದ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದ. ಗಾಡಿ ಕಾಣಲಿಲ್ಲ, ಸದ್ದು ಕೇಳಿತು. "ಓಣಿ ಉದ್ದಕ್ಕೂ ಎರಡನೇ ಗೇರಿನಾಗೇ ಬಂದೆಲ್ಲೋ. ಮೂರಕ್ಕ ಹಾಕಿದ್ರ ಕೈ ಸವೀತಿತ್ತೇನು?"

ಡ್ರೈವರ್ ಅದನ್ನು ನುಂಗಿಕೊಂಡ. ಬಂದ ಕೆಲಸ ಹೇಳಿದ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತ.

"ತೆಗೀಬೇಕಂತಿ? ತೆಗಿ, ನಿನ್ನ ಗಾಡಿ" ಎಂದ ಉಸ್ತಾದ. "ಆದ್ರ ಮೊದಲ ಅದರ ಮ್ಯಾಲೆ ಇನ್ನಷ್ಟು ಹೊಡಿ."

"ಚಾಷ್ಟಿ ಮಾಡಬ್ಯಾಡ್ರಿ ಉಸ್ತಾದ್. ನಾ ತೆಗಿಯಾಕ ಹೊಂಟೀನಿ, ನೀವು ಹೊಡಿ ಅಂತೀರಿ."

"ನಾ ಅವತ್ತು ತೆಳ್ಳಗ ಹೊಡದೀನಿ. ಡಬ್ಬಿ ಸಾಲಲಿಲ್ಲ. ತೆಳ್ಳಂದು ಹರೀತದ, ದಪ್ಪಂದು ಸುಲೀತದ. ಗಾಲಿ ತೊಳಿ, ಒರಸು, ಹಳೇದರ ಮ್ಯಾಲೆ ಹೊಡಿ. ಆರಲಿ, ಮತ್ತ ಹೊಡಿ. ಹಳೇದು ಹೊಸಾದು ಕೂಡಿ ಒಂದ ತೊಗಲು ಆಗಲಿ. ಆಮ್ಯಾಲೆ ಕಬ್ಬಿಣ ಮುಟ್ಟಿಸಬ್ಯಾಡ. ಹೆಬ್ಬೆಟ್ಟು ಸಾಕು."

ಡ್ರೈವರ್ ಸಿಟ್ಟಿನಲ್ಲೇ ವಾಪಸಾದ. ಯಾವುದು ಬೇಡವೋ ಅದನ್ನೇ ದುಡ್ಡು ಕೊಟ್ಟು ತಂದು ಮೇಲೆ ಬಳಿಯಬೇಕು. ಬೇರೆ ದಾರಿ ಇರಲಿಲ್ಲ. ಡಬ್ಬಿಗಳನ್ನು ತಂದ. ಗೀರು ಬಿದ್ದ ಗಾಲಿಯಿಂದಲೇ ಶುರು ಮಾಡಿದ. ಕೆಟ್ಟರೂ ಅದು ಮೊದಲೇ ಕೆಟ್ಟಿತ್ತು.

ಬಣ್ಣ ಹೊಡೆಯುವಾಗ ಕೈ ಎಲ್ಲ ಸಂದಿಗೂ ಹೋಗಬೇಕಾಯಿತು. ಹೋದಲ್ಲೆಲ್ಲ ಉಸ್ತಾದನ ಕೈ ಮೊದಲೇ ಹೋಗಿ ಬಂದಿತ್ತು. ಕಡ್ಡಿ ಕಡ್ಡಿಯ ನಡುವಿನ ಸಂದು, ಗಾಲಿಯ ಒಳಮೈ, ಯಾರೂ ಬಗ್ಗಿ ನೋಡದ ಮೂಲೆ, ಒಂದನ್ನೂ ಬಿಟ್ಟಿರಲಿಲ್ಲ. ಇದ್ದಷ್ಟನ್ನು ಎಲ್ಲ ಕಡೆಗೂ ಹಂಚಿದ್ದ. ಬಣ್ಣ ತೆಳುವಾದದ್ದು ಅದಕ್ಕೇ. ಡ್ರೈವರ್ ಹೊಡೆದ. ಆರಲು ಬಿಟ್ಟ. ಮತ್ತೆ ಹೊಡೆದ. ಎಲ್ಲ ಗಾಲಿ ಮುಗಿಯುವ ಹೊತ್ತಿಗೆ ಅವನ ಸಿಟ್ಟಿಗೆ ಕೆಲಸವಿರಲಿಲ್ಲ.

ಮರುದಿನ ಬಿಸಿಲು ಏರಿತು. ರಬ್ಬರ್ ಬೆಚ್ಚಗಾಗಿ ಮೆತ್ತಗಾಯಿತು. ಅಂಚಿನಲ್ಲಿ ಹೆಬ್ಬೆರಳಿಟ್ಟು ಉಜ್ಜಿದ. ಅಂಚು ಸುರುಳಿ ಸುತ್ತಿ ಎದ್ದಿತು. ಅದನ್ನು ಹಿಡಿದು ನಿಧಾನವಾಗಿ ಎಳೆದ. ಕಾದು ಆರಿದ ಹಾಲಿನ ಕೆನೆಯಂತೆ ಇಡಿಯಾಗಿ ಬಂತು. ಮೊದಲು ಕೆರೆದಾಗ ಅಲ್ಲೇ ಉಳಿದಿದ್ದ ಚಕ್ಕೆಗಳೂ ಅದರೊಂದಿಗೇ ಬಂದವು. ಅಲ್ಲಲ್ಲಿ ಉಳಿದ ಚೂರು ಬೆರಳಿನಿಂದ ಉಜ್ಜಿದರೆ ಉಂಡೆಯಾಗಿ ಉದುರಿತು.

ಕೆಳಗೆ ಗಾಲಿ ಇತ್ತು. ಆ ಒಂದು ಗೀರು ಬಿಟ್ಟರೆ ಶೋರೂಮಿನಿಂದ ಬಂದ ದಿನ ಹೇಗಿತ್ತೋ ಹಾಗೇ ಇತ್ತು. ಅದನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಕೈಯಲ್ಲಿದ್ದ ಕರಿ ತೊಗಲನ್ನು ನೋಡಿದ. ಮೇಲೆ ಅಷ್ಟು ಬಣ್ಣ ಕೂತರೂ, ಗಾಲಿಯ ಬದಲು ತೊಗಲೇ ತಿಂದಿದ್ದ ಹಳೆಯ ಕಲ್ಲೇಟಿನ ತಗ್ಗುಗಳು ಮುಚ್ಚಿರಲಿಲ್ಲ. ಬೆರಳಿಗೆ ಒಂದೊಂದಾಗಿ ಸಿಗುತ್ತಿದ್ದವು.

ಉಳಿದವನ್ನೂ ಸುಲಿದ. ತೊಗಲುಗಳನ್ನು ಮಡಚಿ ಪಕ್ಕದ ಸೀಟಿನ ಮೇಲಿಟ್ಟುಕೊಂಡು ಉಸ್ತಾದನ ಮನೆಗೆ ಹೋದ. ಅವನ ಮಡಿಲಿಗೆ ಹಾಕಿದ.

ಉಸ್ತಾದ ಬೆರಳಾಡಿಸಿದ. "ಇದು ಆ ಸೇತುವೆ ಮುರಿದಾಗ ಜಲ್ಲಿ ದಾರಿ ಹಿಡಿದ್ವಲ್ಲ, ಅವಾಗಿಂದು. ಇದು ಬಾಣಂತಿ ಹೆಣ್ಣುಮಗಳನ್ನ ಒಯ್ಯೋ ಮುಂದ ಆದದ್ದು. ಇದು ಪಂಢರಪುರದ ದಾರಿ. ಅವತ್ತು ಸ್ಟೇರಿಂಗ್ ನಿನ್ನ ಕೈಯಾಗಿತ್ತು. ಬೈದಿದ್ನಿ."

"ಭಾಳ ಬೈದಿದ್ರಿ."

"ಗುಂಡಿ ಬಿಟ್ಟು ಕಲ್ಲು ಹುಡುಕಿ ಹುಡುಕಿ ಹಾಯಸಿದ್ರ ಹಾರ ಹಾಕತಾರೇನು?"

ಡ್ರೈವರ್ ನಕ್ಕುಬಿಟ್ಟ. ಉಸ್ತಾದನ ಬೈಗುಳಕ್ಕೆ ಅವನು ನಕ್ಕಿದ್ದು ಅದೇ ಮೊದಲು.

ಉಸ್ತಾದ ಅವನ ಹೆಗಲು ಹಿಡಿದು ಗಾಡಿಯ ಹತ್ತಿರ ಬಂದ. ಬಗ್ಗಿ ಗಾಲಿಯ ಮೇಲೆ ಅಂಗೈ ಇಟ್ಟ. ಸುತ್ತಲೂ ಸವರಿದ. ಎಲ್ಲವೂ ನುಣುಪು. ಒಂದು ಕಡೆ ಬೆರಳು ನಿಂತಿತು. ಹಿಂದೆ ಹೋಗಿ ಮತ್ತೆ ಅಲ್ಲಿಗೇ ಬಂದಿತು.

"ಇದ್ಯಾವ ರಸ್ತಾಪಾ?"

ಡ್ರೈವರ್ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ. "ರಸ್ತಾ ಅಲ್ರಿ ಉಸ್ತಾದ್. ನನ್ನ ಸ್ಕ್ರೂಡ್ರೈವರ್."

ಉಸ್ತಾದ ಗಾಲಿ ಹಿಡಿದುಕೊಂಡೇ ನಕ್ಕ. ಕೆಮ್ಮು ಬರುವವರೆಗೂ ನಕ್ಕ. "ಅಂತೂ ಗಾಡಿ ನಿಂದಾತು ಬಿಡು" ಎಂದ.

ಡ್ರೈವರ್ ಅವನ ಕಾಲು ಮುಟ್ಟಿದ. ಕೀಲಿ ಇಸಿದುಕೊಂಡ ದಿನ ಅದು ನೆನಪಾಗಿರಲಿಲ್ಲ.

ಸಂತೆಯ ದಿನ ವ್ಯಾಪಾರಿ ಬಂದ. ಗಾಲಿ ನೋಡಿ ತಲೆಯಾಡಿಸಿದ. ಗೀರು ನೋಡಿ ಹುಬ್ಬು ಗಂಟಿಕ್ಕಿದ.

"ಗೀರು ಇರಬಾರದು ಅಂದಿದ್ನಿ."

"ಹೌದ್ರಿ ಸಾವಕಾರ್ರ. ಅದೊಂದು ನಾ ಮಾಡಿದ್ದು. ಉಳಿದದ್ದೆಲ್ಲ ಉಸ್ತಾದ ಕಾಯ್ದಿದ್ದು."

ವ್ಯಾಪಾರಿ ಇನ್ನೊಂದು ಸುತ್ತು ಹಾಕಿದ. ಆಮೇಲೆ ಹಿಂದಿನ ಬಾಗಿಲು ತೆಗೆದು ಕುಳಿತ. "ನಡಿ, ಅಂಗಡಿ ಕಡೆ ತಿರುಗಸು. ಬೀಗರು ಕಾಯಾಕತ್ಯಾರ" ಎಂದ.

ಡ್ರೈವರ್ ಈಗಲೂ ಗಾಡಿ ಹೊಡೆಯುತ್ತಾನೆ. ಪಕ್ಕದ ಸೀಟಿನ ಬೈಗುಳ ಈಗಲೂ ಕೇಳುತ್ತದೆ. ಕೇಳಿದಾಗ "ಹೂಂ ರೀ" ಎಂದು ಗೇರು ಬದಲಿಸುತ್ತಾನೆ.

ಅಜ್ಜ ಕತೆ ನಿಲ್ಲಿಸಿದರು. ಶಿವಪುತ್ರ ನೆಲ ನೋಡುತ್ತಿದ್ದ.

"ನಮ್ಮಣ್ಣ ಆ ಉಸ್ತಾದನಂಥವ ಅಲ್ರೀ ಅಜ್ಜಾರ. ಕಾರಿಲ್ಲ, ಕೀಲಿ ಇಲ್ಲ. ಬರೇ ಬೈಗಳ."

"ಹೊಟ್ಟಿಗೆ ಹಾಕಿದ್ನೋ ಇಲ್ಲೋ?"

"ಹಾಕ್ಯಾನ್ರಿ. ತನಗ ಇಲ್ಲದ ದಿವಸ ಸೈತ..." ಎಂದ ಶಿವಪುತ್ರ.

ಅಜ್ಜ ಮೊರ ಎತ್ತಿಕೊಂಡರು.

"ಹಂಗಾದ್ರ ಮನಿಗೆ ಹೋಗು, ಈ ಸಲ ರೊಟ್ಟಿ ನೀ ಬಡಿ, ಅವನ್ನ ಕೂಡ್ರಿಸಿ ಹೊಟ್ಟಿ ತುಂಬ ಉಣಿಸು, ಅಷ್ಟಾದ ಮ್ಯಾಲೂ ಬಿಡೋದು ಏನರ ಉಳಿದಿದ್ರ ಇಲ್ಲಿ ಬಂದು ಅದನ್ನ ಬಿಡು."