ಸಿದ್ದವ್ವನ ಹೆಸರಿನ ಪತಂಗ

ಕೃಷ್ಣಾ ಹೊಳೆಯ ನಡುಗಡ್ಡೆಯಲ್ಲೊಂದು ಪುಟ್ಟ ಮಠ. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಸಂಜೆಯ ಪ್ರಾರ್ಥನೆಯೆಂದರೆ ಗಡ್ಡೆಯ ಜೀವಿಗಳ ಹೆಸರನ್ನೆಲ್ಲ ಹೇಳಿ ‘ಬಾಳಲಿ’ ಎನ್ನುವುದು, ಅಷ್ಟೆ.

ಹೊಸ ಜೀವಿಯನ್ನು ಕಂಡವನೇ ಅದಕ್ಕೆ ಹೆಸರಿಡಬೇಕು. ಆದರೆ ಒಂದು ಜೀವಿಗೆ ಒಂದೇ ಹೆಸರು. ಮೊದಲು ಇಟ್ಟದ್ದೇ ಕೊನೆಯವರೆಗೆ.

ಒಂದು ಮುಂಜಾನೆ ಶಿಷ್ಯ ನಿರಂಜನ ಅಂಗೈ ಮುಚ್ಚಿಕೊಂಡು ಓಡಿಬಂದ. ಒಳಗೊಂದು ಹಳದಿ ಪತಂಗ. ಹೊಟ್ಟೆ ದಪ್ಪ, ರೆಕ್ಕೆ ಗಿಡ್ಡ, ಹಾರಲಾರದು.

“ಅಜ್ಜಾರ, ಇದು ನಮ್ಮ ಪ್ರಾರ್ಥನಿಯೊಳಗ ಇಲ್ಲ. ಸಿದ್ದವ್ವ ಅಂತ ಹೆಸರಿಡ್ತೀನ್ರಿ.”

ಸಿದ್ದವ್ವ ಅವನ ತಾಯಿ. ಹೋದ ಮಳೆಗಾಲದಲ್ಲಿ ಆಕೆ ತೀರಿಕೊಂಡಾಗ ಹೊಳೆ ತುಂಬಿ ದೋಣಿ ನಿಂತಿತ್ತು. ಮಗನಿಗೆ ಊರಿಗೆ ಹೋಗಿ ಮಣ್ಣು ಕೊಡಲಾಗಲಿಲ್ಲ.

“ದಿನಾ ಸಂಜಿಕ ಅವ್ವನ ಹೆಸರು ಎಲ್ಲಾರ ಬಾಯಾಗ ಬರ್ಲಿ ಅಂತ ಆಸೆ,” ಎಂದ.

“ಇಡುವಂತಿ. ಮೊದಲ ಇವತ್ತು ಸಂಜಿಕ ಅದನ್ನ ಬುಟ್ಯಾಗಿಟ್ಟು ಹುಣಸಿ ಗಿಡಕ್ಕ ತೂಗಹಾಕು.”

ಹೊತ್ತು ಮುಳುಗುತ್ತಿದ್ದಂತೆ ಎಲ್ಲಿಂದಲೋ ಒಂದು ಬೂದಿಪತಂಗ ಬಂದು ಬುಟ್ಟಿಯ ಮೇಲೆ ಕೂತಿತು. ಗಡ್ಡೆಯವರಿಗೆಲ್ಲ ಗೊತ್ತಿದ್ದ, ಅಗಲ ರೆಕ್ಕೆಯ ಹಳೇ ಪತಂಗ. ಇನ್ನೊಂದು ಬಂತು. ಆಮೇಲೆ ಬುಟ್ಟಿಯ ಸುತ್ತ ಬರೀ ಅವೇ.

ನಿರಂಜನ ಹೆಗಲ ವಸ್ತ್ರ ಬೀಸಿ ಅಟ್ಟಿದ. ಮತ್ತೆ ಬಂದವು. ಮತ್ತೆ ಅಟ್ಟಿದ. ಕೈ ಸೋತಿತು.

“ಬುಟ್ಯಾಗಿನಾಕಿ ಕರ್ಯಾಕತ್ತಾಳ,” ಎಂದರು ಅಜ್ಜಾರು.

“ಏನೂ ಕೇಳವಲ್ದಲ್ರಿ.”

“ನಿನಗಲ್ಲ, ಅವಕ್ಕ ಕೇಳತೈತಿ.”

ನಿರಂಜನ ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡ. ಕೊನೆಗೆ ತಾನೇ ಬುಟ್ಟಿಯ ಮುಚ್ಚಳ ತೆಗೆದ. ಒಂದು ಬೂದಿಪತಂಗ ಒಳಗಿಳಿದು ಹಳದಿಯದರೊಂದಿಗೆ ಕೂಡಿತು.

“ಇದು ಹೊಸಾದಲ್ರಿ,” ಎಂದ. “ಬೂದಿಪತಂಗದ ಹೆಣ್ಣು. ಇದಕ್ಕ ಹೆಸರು ಮೊದಲ ಐತಿ.”

ಅಂದು ಪ್ರಾರ್ಥನೆ ಹೇಳುವ ಸರದಿ ಅವನದೇ. “ಬೂದಿಪತಂಗ ಬಾಳಲಿ,” ಎಂದ. ಅವ್ವನ ಹೆಸರು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

ಪ್ರಾರ್ಥನೆ ಮುಗಿದದ್ದೇ ದಡಕ್ಕೆ ಹೋಗಿ ಕೂತ. ಅಜ್ಜಾರು ಹಿಂದೆಯೇ ಬಂದರು.

“ನಿಮ್ಮವ್ವ ನಿನಗ ಏನಂತ ಕರೀತಿದ್ಲು?”

“ಕೆಂಚ್ಯಾ ಅಂತಿದ್ಲ್ರಿ.”

ದೀಕ್ಷೆಯ ದಿನ ಆ ಹೆಸರು ಬಿಡಿಸಿ ನಿರಂಜನ ಎಂದು ಕರೆದವರು ಅಜ್ಜಾರೇ. ಅಂದಿನಿಂದ ಮಠದಲ್ಲಿ ಯಾರೂ ಅದನ್ನು ಎತ್ತಿರಲಿಲ್ಲ.

“ಯಾವಾಗ ಕರೀತಿದ್ಲು?”

“ಹೊತ್ತು ಮುಳುಗಿದ ಮ್ಯಾಲ. ಉಣ್ಣಾಕ.”

ಅಜ್ಜಾರು ಮಠದ ಕಡೆಗೆ ಹೊರಟುಹೋದರು. ನಿರಂಜನನಿಗೆ ದುಃಖ ಉಕ್ಕಿಬಂತು. ಇಷ್ಟು ಕೇಳುವುದಕ್ಕೇ ಬಂದರೇ?

ಆಗ ಅಡುಗೆಮನೆಯ ಬಾಗಿಲಿನಿಂದ ಅಜ್ಜಾರ ಮುದಿ ದನಿ ಗಟ್ಟಿಯಾಗಿ ಕೇಳಿತು:

“ಕೆಂಚ್ಯಾ! ರೊಟ್ಟಿ ಆರತಾವು, ಉಣ್ಣಾಕ ಬಾರೋ!”