ಬಿಸಿನೆಸ್ ಕ್ಲಾಸಿನ ಮುನಿತಿಮ್ಮ

ದೇವನಹಳ್ಳಿ ಪಕ್ಕದಲ್ಲಿ ಒಂದು ಊರು. ವಿಮಾನ ಇಳಿಯುವಾಗ ನಮ್ಮ ಹೆಂಚಿನ ಮೇಲೇ ಕೂರುತ್ತದೇನೋ ಅನ್ನಿಸುವಂಥ ಊರು. ಅಲ್ಲೊಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಹೆಸರು ಕೆಂಪಕ್ಕ. ಮಗನ ಹೆಸರು ಮುನಿತಿಮ್ಮ.

ಕೆಂಪಕ್ಕನ ಕೆಲಸ ವಿಮಾನದ ಹೊದಿಕೆಗಳಿಗೆ ಇಸ್ತ್ರಿ ಹಾಕುವುದು. ಯಾರೋ ಹೊದ್ದು ಮಲಗುತ್ತಾರೆ, ಇವಳು ನಿಂತು ಮಡಚುತ್ತಾಳೆ. ಮತ್ಯಾರೋ ಹೊದ್ದು ಮಲಗುತ್ತಾರೆ, ಇವಳು ಮತ್ತೆ ನಿಂತು ಮಡಚುತ್ತಾಳೆ. ಹೀಗೇ ಹದಿನಾರು ವರ್ಷ.

ಮಗನೋ, ನೋಡಲು ರಾಜಕುಮಾರ. ಆರಡಿ ಆಳು, ನಕ್ಕರೆ ಕೆನ್ನೆಯಲ್ಲಿ ಗುಳಿ. ಬುದ್ಧಿ ಮಾತ್ರ ಹೇಳಿದಷ್ಟೇ. "ಹಾಲು ಉಕ್ಕೋದನ್ನ ನೋಡ್ಲಾ" ಅಂದರೆ ಒಲೆ ಮುಂದೆ ಕೂತು ನೋಡುತ್ತಿದ್ದ. ತಾಯಿ ಬಂದರೆ, "ನೋಡ್ದೆ ಕಣವ್ವ, ಚೆನ್ನಾಗಿ ಉಕ್ತು!" ಅನ್ನುತ್ತಿದ್ದ. ಕೆಂಪಕ್ಕ ಒಲೆ ಒರೆಸುತ್ತಿದ್ದಳು. ಹೊಡೆಯಲಿಕ್ಕೂ ಅವಳಿಗೆ ತ್ರಾಣ ಇರಲಿಲ್ಲ.

ಇಂಥವನಿಗೆ ವಿಮಾನದಲ್ಲಿ ಕೆಲಸ ಸಿಕ್ಕಿತು! ಸಿಕ್ಕಿದ್ದು ಹೇಗೆ ಅಂದರೆ, ಸೇವೆಯ ನಿಯಮದ ಪುಸ್ತಕ ಅಂತ ಒಂದಿದೆ. ಮುನ್ನೂರು ಪುಟ. ಬಿಸಿ ಟವೆಲ್ ಎಷ್ಟು ಬಿಸಿ ಇರಬೇಕು, ಚಮಚ ಯಾವ ಕಡೆ ಮುಖ ಮಾಡಬೇಕು, ಎಲ್ಲ ಅದರಲ್ಲಿದೆ. ಮುನಿತಿಮ್ಮ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಬಾಯಿಪಾಠ ಒಪ್ಪಿಸಿದ. ಗಗನಸಖಿಯರ ಮುಖ್ಯಸ್ಥೆ ಗ್ಲೆಂಡಾ ಪಿಂಟೋ, ಮಂಗಳೂರಿನವಳು. ಕೆಂಪಕ್ಕನನ್ನು ಬಲ್ಲವಳು. "ನೋಡ್ಲಿಕ್ಕೂ ಲಾಯ್ಕುಂಟು, ನೆನಪೂ ಲಾಯ್ಕುಂಟು. ಬಿಸಿನೆಸ್ ಕ್ಲಾಸಿಗೇ ಹಾಕುವ" ಅಂದಳು. ಹತ್ತೊಂಬತ್ತು ವರ್ಷ ಆಕಾಶದಲ್ಲಿ ನಿಂತು ನಿಂತು ಅವಳ ಕಣ್ಣು ಅಷ್ಟು ಸೋತಿತ್ತು ಅಂತ ಕಾಣುತ್ತದೆ.

ಹೊರಡುವ ದಿನ ಕೆಂಪಕ್ಕ ಮಗನ ಟೈ ಸರಿಮಾಡಿದಳು.

"ಲೇ ತಿಮ್ಮ, ಅಲ್ಲಿ ದೊಡ್ಡೋರು ಬತ್ತಾರೆ. ಅವ್ರನ್ನ ದೇವ್ರು ಅಂದ್ಕೊಂಡು ನೋಡ್ಕೋ, ತಿಳೀತಾ?"

"ಹೂಂ ಕಣವ್ವ. ದೇವ್ರು."

ವಿಮಾನ ಫ್ರಾಂಕ್‌ಫರ್ಟಿಗೆ ಹಾರಿತು. ಮುನಿತಿಮ್ಮನ ಪಾಲಿಗೆ ಬಂದವನು ಕನಕಪುರದ ಒಬ್ಬ ಕಲ್ಲುಗಣಿ ಸಾಹುಕಾರ. ಒಳ್ಳೇ ಹಸಿವಿನ ಮನುಷ್ಯ. ಮುನಿತಿಮ್ಮ ಶೂ ಕಳಚಿಟ್ಟು, ಬರಿಗಾಲಲ್ಲಿ ತಟ್ಟೆ ತಂದ. ಬಿಸಿ ಬ್ರೆಡ್ಡು, ಬೆಣ್ಣೆ, ಅಣಬೆ ಪಲ್ಯ, ಕೇಸರಿ ಹಾಕಿದ ಅನ್ನ. ಸಾಹುಕಾರ ಚಮಚ ಎತ್ತಿದ. ಅಷ್ಟರಲ್ಲಿ ಮುನಿತಿಮ್ಮ ಸರ್ರನೆ ಸೀಟಿನ ಸುತ್ತಲ ಪರದೆ ಎಳೆದ. ಹೊರಗೆ ನಿಂತು ಕಣ್ಣು ಮುಚ್ಚಿ ಕೈ ಮುಗಿದ. ಹತ್ತು ಎಣಿಸಿದ. ಪರದೆ ಸರಿಸಿದ. ತಟ್ಟೆ ಎತ್ತಿದ!

"ಏಯ್, ಎಲ್ಲಿಗಯ್ಯಾ?"

"ನೈವೇದ್ಯ ಆಯ್ತು ಸ್ವಾಮಿ!"

ತಟ್ಟೆ ಹಿಡಿದು ಹಿಂದಿನ ಸೀಟುಗಳ ಕಡೆ ನಡೆದ. ಅಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತ ಜನಕ್ಕೆ ಚೂರು ಚೂರು ಹಂಚಿದ. ಅವರು ಕಣ್ಣಿಗೊತ್ತಿಕೊಂಡು ತಿಂದರು. ಒಬ್ಬಾಕೆ, "ಇನ್ನೊಂಚೂರು ಹಾಕಪ್ಪಾ, ಮಗಳು ಮಲಗವಳೆ, ಎದ್ದಮ್ಯಾಕೆ ಕೊಡ್ತೀನಿ" ಅಂದಳು. ಒಂಬತ್ತು ಗಂಟೆಯ ಪ್ರಯಾಣದಲ್ಲಿ ಮೂರು ಸಲ ನೈವೇದ್ಯ. ಫ್ರಾಂಕ್‌ಫರ್ಟಿನಲ್ಲಿ ಸಾಹುಕಾರ ಸೀಟು ಹಿಡಿದು ಹಿಡಿದು ಇಳಿದ.

ಗ್ಲೆಂಡಾ ಫೋನ್ ಮಾಡಿದಳು. "ಕೆಂಪಕ್ಕಾ, ಕೂತಿದ್ದೀಯಾ? ಕೂತ್ಕೋ. ಹೇಳ್ತೇನೆ."

ಮಗ ಮನೆಗೆ ಬಂದ. ಕೆಂಪಕ್ಕ ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದ ಮುಂಡೇದೇ! ಅವ ಉಣ್ಣೋ ಮನುಸ ಕಣ್ಲಾ! ಮುಂದೆ ಇಟ್ಟ ತಟ್ಟೆ ಖಾಲಿ ಆಗೋಗಂಟ ಎತ್ತಬ್ಯಾಡ!"

"ಖಾಲಿ ಆಗೋಗಂಟ ಎತ್ತಾಕಿಲ್ಲ. ಹೂಂ ಕಣವ್ವ."

ಮುಂದಿನ ವಿಮಾನ ಸಿಡ್ನಿಗೆ. ಈ ಸಲ ಬಂದವರು ರುಕ್ಮಾಬಾಯಿ ಅನ್ನೋ ಮುದುಕಿ, ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವರು. ಗುಬ್ಬಿಯಷ್ಟು ಊಟ. ತಿಂದರು, ಬಾಯಿ ಒರೆಸಿಕೊಂಡರು. ತಟ್ಟೆಯಲ್ಲಿ ಎರಡು ತುಂಡು ಆಲೂಗಡ್ಡೆ ಉಳಿದಿತ್ತು.

"ತೊಗೊಂಡು ಹೋಗಪ್ಪ."

"ಎರಡು ತುಂಡಿದೆ ಅಮ್ಮ."

"ಸಾಕಪ್ಪ."

"ಎರಡು ತುಂಡು ಅಮ್ಮ."

ಮಡಿಲ ಮೇಲೆ ಮೇಜು, ಮೇಜಿನ ಮೇಲೆ ತಟ್ಟೆ, ತಟ್ಟೆ ಪಕ್ಕದಲ್ಲಿ ಮುನಿತಿಮ್ಮ. ಏಳಲಾರರು, ಒರಗಲಾರರು, ಬಚ್ಚಲಿಗೆ ಹೋಗಲಾರರು. ಒಂದು ಗಂಟೆ ನೋಡಿ, ಪಾಪ, ಎರಡೂ ತುಂಡು ನುಂಗಿದರು. ಮುನಿತಿಮ್ಮ ಸಂತೋಷದಿಂದ ತಟ್ಟೆ ಎತ್ತಿದ. ಎತ್ತಿ ಎರಡನೇ ತಟ್ಟೆ ಇಟ್ಟ. ಬಿಸಿನೆಸ್ ಕ್ಲಾಸಿನಲ್ಲಿ ಊಟ ಐದು ಸುತ್ತು!

ಸಿಡ್ನಿ ಕಂಡಾಗ ರುಕ್ಮಾಬಾಯಿ ನಾಲ್ಕನೇ ಸುತ್ತಿನ ಚೀಸು ಅಗಿಯುತ್ತಾ ಅಳುತ್ತಿದ್ದರು.

"ಕೆಂಪಕ್ಕಾ, ಕೂತಿದ್ದೀಯಾ?" ಅಂದಳು ಗ್ಲೆಂಡಾ.

"ಕೂತೆ ತಾಯಿ. ಹೇಳು."

ಕೇಳಿದಳು. ಮಗ ಬಂದ ಮೇಲೆ ಕೂಗಿದಳು.

"ಅಯ್ಯೋ ನನ್ನ ಕರ್ಮವೇ! ಬ್ಯಾಡ ಅಂದ ತಕ್ಷಣ ಎತ್ಕೊಂಡು ಹೋಗ್ಬೇಕು ಕಣ್ಲಾ! ಯಾಕೆ, ಏನು ಅಂತ ಕೇಳಬಾರ್ದು. ಒಂದು ಸಲ ಬ್ಯಾಡ ಅಂದ್ರು, ಎತ್ತು!"

"ಬ್ಯಾಡ ಅಂದ್ರೆ ಎತ್ತು. ಹೂಂ ಕಣವ್ವ."

ಅದರ ಮುಂದಿನದು ಪ್ಯಾರಿಸ್ ವಿಮಾನ. ಗಂಡ ಹೆಂಡತಿ ಬಂದರು. ಗಂಡ ವಿರೂಪಾಕ್ಷಪ್ಪ, ಹೆಂಡತಿ ಸರೋಜಿನಿ. ಮದುವೆಯಾಗಿ ಮೂವತ್ತು ವರ್ಷ. ಗಂಡನಿಗೆ ಕಿಟಕಿ ಮುಚ್ಚಬೇಕು, ಹೆಂಡತಿಗೆ ತೆಗೆಯಬೇಕು. ಮುಚ್ಚಿದ, ತೆಗೆದಳು. ಮುಚ್ಚಿದ, ತೆಗೆದಳು. ಕೊನೆಗೆ ಆಕೆ ತಲೆ ಹಿಡಿದುಕೊಂಡು, "ಸಾಕಾಗಿಹೋಯ್ತು! ಈ ಮನುಷ್ಯ ನನಗೆ ಬೇಡವೇ ಬೇಡ!" ಅಂದಳು.

ಮುನಿತಿಮ್ಮ ಬಂದ. ಯಾಕೆ ಅಂತ ಕೇಳಲಿಲ್ಲ. ಏನು ಅಂತ ಕೇಳಲಿಲ್ಲ. ವಿರೂಪಾಕ್ಷಪ್ಪನ ಕಂಕುಳಿಗೆ ಕೈ ಹಾಕಿ ಎತ್ತಿದ! ಹೊದಿಕೆ, ಚಪ್ಪಲಿ, ಕನ್ನಡಕ ಸಮೇತ ಎತ್ತಿಕೊಂಡು ಹೋಗಿ, ತೀರಾ ಹಿಂದೆ, ಶೌಚಾಲಯದ ಪಕ್ಕದ ಖಾಲಿ ಸೀಟಿನಲ್ಲಿ ಇಟ್ಟು ಬಂದ.

ಸರೋಜಿನಿ ಅರ್ಧ ಗಂಟೆ ಬೆಟ್ಟ ಗುಡ್ಡ ನೋಡಿದಳು. ಅರ್ಧ ಗಂಟೆ ಮೋಡ ನೋಡಿದಳು. ಆಮೇಲೆ ಪಕ್ಕ ನೋಡಿದಳು.

"ನಮ್ಮವರೆಲ್ಲಿ?"

"ತೆಗೆದೆ ಅಮ್ಮ. ಬದಲಿಗೆ ಹಣ್ಣು ತರಲಾ?"

ಆಕೆ ಓಡಿದಳು. ವಿರೂಪಾಕ್ಷಪ್ಪ ಇಬ್ಬರು ಅಪರಿಚಿತರ ನಡುವೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಎಬ್ಬಿಸಿದರೆ, "ಇಲ್ಲೇ ಇರ್ತೀನಿ ಬಿಡೇ" ಅಂದ. ಅದಕ್ಕೇ ಆಕೆಗೆ ಹೆಚ್ಚು ಸಿಟ್ಟು ಬಂದದ್ದು. ದೂರು ಬರೆದುಕೊಟ್ಟಳು, ಎರಡು ಹಾಳೆ.

ಗ್ಲೆಂಡಾ ಫೋನಿನಲ್ಲಿ ಬರೀ ಉಸಿರು ಬಿಟ್ಟಳು. ಕೆಂಪಕ್ಕ, "ಕೂತಿದೀನಿ, ಹೇಳವ್ವ" ಅಂದಳು.

ಮಗನಿಗೆ ಹೇಳಿದಳು: "ಲೇ, ಗಂಡ ಹೆಂಡ್ತಿ ಮಾತು ನಿಂಗ್ಯಾಕ್ಲಾ? ಸೀಟಿನಾಗೆ ಯಾರು ಏನೇ ಅಂದ್ಕೊಳ್ಳಲಿ, ಕಿವಿಗೆ ಬಿದ್ರೂ ಬೀಳದ ಹಂಗೆ ಇರು. ಪರದೆ ಎಳಿ, ಬಾ."

"ಕಿವಿಗೆ ಬೀಳದ ಹಂಗೆ. ಹೂಂ ಕಣವ್ವ."

ನಾಲ್ಕನೆಯ ವಿಮಾನದಲ್ಲಿ ಒಬ್ಬ ಮುದುಕಪ್ಪ. ಪಿಟೀಲು ನುಡಿಸುವವರು. ಆ ಸೀಟುಗಳು ಗುಂಡಿ ಒತ್ತಿದರೆ ಹಾಸಿಗೆಯಾಗುತ್ತವೆ. ಮುದುಕಪ್ಪ ಒತ್ತಿದರು, ಸೀಟು ಮಲಗಿತು, ಅವರ ಕಾಲು ಸಂದಿಯಲ್ಲಿ ಸಿಕ್ಕಿಕೊಂಡಿತು.

"ತಮ್ಮಾ, ಕಾಲು ಸಿಕ್ಕಿಬಿಡ್ತು!"

ಮುನಿತಿಮ್ಮ ಚಾವಣಿ ನೋಡಿದ.

"ತಮ್ಮಾ! ನೋಯ್ತಾ ಇದೆಯೋ!"

ಮುನಿತಿಮ್ಮ ಪರದೆ ಎಳೆದ. ಕಣ್ಣಲ್ಲಿ ನೀರು ತುಂಬಿತ್ತು ಅವನಿಗೆ. ಆದರೂ ಎಳೆದ. ಅವ್ವ ಹೇಳಿದ್ದಾಳಲ್ಲ! ಗ್ಲೆಂಡಾ ಆ ಕಡೆ ಬರುವಷ್ಟರಲ್ಲಿ ಒಂದು ಗಂಟೆ. ಕಾಲು ಮುರಿದಿರಲಿಲ್ಲ, ಊದಿತ್ತು. ಮುದುಕಪ್ಪ ಯಾರನ್ನೂ ಬೈಯಲಿಲ್ಲ. "ನನ್ನ ದನಿಯೇ ಬಿದ್ದುಹೋಯ್ತೇನೋ ಅಂದ್ಕೊಂಡೆ" ಅಂದರು, ಅಷ್ಟೇ. ಗ್ಲೆಂಡಾ ಅಡುಗೆ ಮೂಲೆಗೆ ಹೋಗಿ ಅತ್ತಳು.

ಈ ಸಲ ಅವಳು ಫೋನ್ ಮಾಡಲಿಲ್ಲ. ಕೆಂಪಕ್ಕನ ಇಸ್ತ್ರಿ ಮೇಜಿನ ಹತ್ತಿರಕ್ಕೇ ಬಂದಳು.

"ಕೆಂಪಕ್ಕಾ, ಲಂಡನ್ ವಿಮಾನದಲ್ಲಿ ಕಂಪನಿಯ ಪರೀಕ್ಷಕ ಬರ್ತಾನಂತೆ. ಯಾರಂತ ಹೇಳುದಿಲ್ಲ, ಪ್ರಯಾಣಿಕನ ಹಾಗೇ ಕೂತಿರ್ತಾನೆ. ಅವನು ಅಂಕ ಕೊಡ್ತಾನೆ. ನಿನ್ನ ಮಗನನ್ನು ಇಡುದೋ ಬಿಡುದೋ ಅಂತ ಅದರ ಮೇಲೆ. ನನಗೂ ತರಬೇತಿ ಶಾಲೆಯಲ್ಲಿ ಒಂದು ಕೆಲಸ ಕೇಳಿದ್ದೇನೆ ಮಾರಾಯ್ತಿ. ಕೂತು ಮಾಡುವ ಕೆಲಸ. ಅದೂ ಅದರ ಮೇಲೇ."

ಆ ದಿನ ಕೆಂಪಕ್ಕ ಕೂಗಲಿಲ್ಲ. ಮಗನನ್ನು ಹತ್ತಿರ ಕೂರಿಸಿಕೊಂಡಳು. ದನಿ ಸಣ್ಣಗಾಗಿತ್ತು.

"ನಂಗೆ ಸಾಕಾಗದೆ ಕಣ್ಲಾ ತಿಮ್ಮ. ಬೈಯ್ಯಾಕೂ ಆಗಾಕಿಲ್ಲ. ಒಂದೇ ಮಾತು ಹೇಳ್ತೀನಿ. ಬಂದೋರ ಜಾಗದಾಗೆ ನಿನ್ನ ಇಟ್ಕೊಂಡು ನೋಡು. ಅವ್ರಿಗೆ ಏನು ಬೇಕು ಅಂತ ಆಗ ತಾನೇ ತಿಳೀತದೆ."

"ಅವ್ರ ಜಾಗದಾಗೆ ನನ್ನ ಇಟ್ಕೋಬೇಕು."

"ಹೂಂ."

"ಹೂಂ ಕಣವ್ವ."

ಲಂಡನ್ ವಿಮಾನ ಹೊರಟಿತು. ಬೆಳಗಿನ ಹೊತ್ತು, ಹತ್ತು ಗಂಟೆಯ ದಾರಿ. ಕಿಟಕಿ ಪಕ್ಕದಲ್ಲಿ ಕೂತಿದ್ದವರು ಪದ್ಮನಾಭ ಹೊಳ್ಳರು, ಉಡುಪಿ ಕಡೆಯವರು. ಅವರೇ ಪರೀಕ್ಷಕ. ಹನ್ನೊಂದು ವರ್ಷದಿಂದ ಅವರ ಕೆಲಸ ಮಲಗುವುದು, ತಿನ್ನುವುದು, ಅಂಕ ಬರೆಯುವುದು. ನಕ್ಕಿದ್ದನ್ನು ಯಾರೂ ಕಂಡಿಲ್ಲ. ಟವೆಲ್ ಬಂತು, ಬರೆದರು. ನೀರು ಬಂತು, ಬರೆದರು. ಕೈ ತೊಳೆಯಲು ಎದ್ದು ಹೋದರು.

ಮುನಿತಿಮ್ಮ ಆ ಜಾಗ ನೋಡಿದ. ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದ. ಸೀಟಿನಲ್ಲಿ ತನ್ನನ್ನು ಇಟ್ಟುಕೊಂಡ. ಗುಂಡಿ ಒತ್ತಿದ, ಸೀಟು ಹಾಸಿಗೆಯಾಯಿತು. ಹೊದಿಕೆ ಎಳೆದುಕೊಂಡ. ಅತಿಥಿಗೆ ಏನು ಬೇಕು ಅಂತ ಆ ಕ್ಷಣವೇ ತಿಳಿಯಿತು ಅವನಿಗೆ. ನಿದ್ದೆ!

ಹೊಳ್ಳರು ವಾಪಸ್ಸು ಬಂದರು. ನೋಡಿದರು. ಗ್ಲೆಂಡಾಳ ಹತ್ತಿರ ಹೋದರು.

"ನನ್ನ ಸೀಟಿನಲ್ಲಿ ನಿಮ್ಮವನು ಮಲಗಿದ್ದಾನೆ."

ಗ್ಲೆಂಡಾ ಓಡಿ ಬಂದು ಭುಜ ಅಲ್ಲಾಡಿಸಿದಳು. "ತಿಮ್ಮಾ! ಏಳೋ! ಎಂತ ಮಾಡ್ತಾ ಇದ್ದೀ?"

ಮುನಿತಿಮ್ಮ ಒಂದು ಕಣ್ಣು ತೆರೆದ. "ಪುಸ್ತಕದ ನೂರಾ ಹನ್ನೆರಡನೇ ಪುಟ ಮೇಡಂ. ಮಲಗಿದ ಅತಿಥಿಯನ್ನು ಎಬ್ಬಿಸಬಾರದು." ಕಣ್ಣು ಮುಚ್ಚಿದ.

ಗ್ಲೆಂಡಾ ಅಲ್ಲೇ ಗೋಡೆಗೆ ಒರಗಿದಳು. ಹೊಳ್ಳರು ಅವಳ ಮುಖ ನೋಡಿದರು. ಮುಖದಿಂದ ಕಾಲು ನೋಡಿದರು. ಪಾದ ಊದಿ ಚಪ್ಪಲಿಯ ಅಂಚಿನಿಂದ ಹೊರಗೆ ಬಂದಿತ್ತು.

"ಬಿಡಿ" ಅಂದರು. "ಪರೀಕ್ಷಕ ನಾನೇ. ಹನ್ನೊಂದು ವರ್ಷ ಮಲಗಿಯೇ ಪರೀಕ್ಷೆ ಮಾಡಿದ್ದು. ಇವತ್ತೊಂದು ದಿನ ನಿಂತು ನೋಡ್ತೇನೆ. ನಿಮಗೆ ಒಬ್ಬ ಆಳು ಕಡಿಮೆಯಾದನಲ್ಲ, ಆ ಏಪ್ರನ್ ಕೊಡಿ."

"ಸರ್, ನೀವಾ?"

"ಕೊಡಿ ಮಾರಾಯ್ರೆ."

ಹೊಳ್ಳರು ಏಪ್ರನ್ ಕಟ್ಟಿದರು. ಮೊದಲ ಗಂಟೆ ಟವೆಲ್ ಹಂಚಿದರು, ಬೆರಳು ಸುಟ್ಟಿತು. ಎರಡನೇ ಗಂಟೆ ತಟ್ಟೆ ಹೊತ್ತರು. "ಸೂಪು ತಣ್ಣಗಿದೆ." ತಂದರು. "ಸೂಪು ತೀರಾ ಬಿಸಿಯಾಯ್ತು." ತಂದರು. ಮೂರನೇ ಗಂಟೆಗೆ ಸೊಂಟ ಹಿಡಿಯಿತು. ನಾಲ್ಕನೇ ಗಂಟೆಗೆ ಒಬ್ಬ ಪ್ರಯಾಣಿಕ, "ನೀವು ನಗುತ್ತಿಲ್ಲ" ಅಂತ ದೂರು ಹೇಳಿದ. ಐದನೇ ಗಂಟೆಗೆ ಕೂರಲು ಜಾಗ ಹುಡುಕಿದರು. ಇರಲಿಲ್ಲ.

ಟಿಂಗ್ ಅಂತ ಕರೆಗಂಟೆ ಹೊಡೆಯಿತು. ಹೊಳ್ಳರು ಹೋದರು. ಮುನಿತಿಮ್ಮ ಮಲಗಿದಲ್ಲಿಂದಲೇ ಗುಳಿಬಿದ್ದ ಕೆನ್ನೆಯಲ್ಲಿ ನಕ್ಕ.

"ಅಣ್ಣ, ಒಂದು ಲೋಟ ನೀರು."

ಕೊಟ್ಟರು. ಅವನು ಕುಡಿದು, ಅವರ ಮುಖ ನೋಡಿ, "ಸುಸ್ತಾಗೈತೆ ಅಲ್ವಾ ಅಣ್ಣ? ಇನ್ನು ಕರೆಯಾಕಿಲ್ಲ, ಹೋಗಿ" ಅಂದ. ಮತ್ತೆ ಕರೆಯಲೂ ಇಲ್ಲ. ಆ ಇಡೀ ದಿನದಲ್ಲಿ ಹೊಳ್ಳರಿಗೆ ಹಾಗೆ ಅಂದವನು ಅವನೊಬ್ಬನೇ.

ವಿಮಾನ ಇಳಿಯುವಾಗ ಹೊಳ್ಳರು ಕೂತದ್ದು ಮುನಿತಿಮ್ಮನ ಮಡಚುವ ಪುಟ್ಟ ಆಸನದಲ್ಲಿ, ಗ್ಲೆಂಡಾಳ ಪಕ್ಕ. ಅಲ್ಲೇ ಕೂತು ಬರೆದು ಮುಗಿಸಿದರು.

"ನಿಮಗೆ ಕೂತು ಮಾಡುವ ಕೆಲಸ ಕೊಡಬೇಕು ಅಂತ ಬರೆದಿದ್ದೇನೆ. ಅಡುಗೆ ಮೂಲೆಯಲ್ಲಿ ಎರಡು ಸ್ಟೂಲ್ ಹಾಕಬೇಕು ಅಂತಲೂ ಬರೆದಿದ್ದೇನೆ."

"ಅವನದ್ದು ಸರ್?"

"ಅವನನ್ನು ತೆಗೆಯುದು ಬೇಡ. ಆದರೆ ಇನ್ನು ಮೇಲೆ ವಿಮಾನ ಖಾಲಿ ಇರುವಾಗ ಮಾತ್ರ ಒಳಗೆ ಬಿಡಿ. ಕಸ ಗುಡಿಸಲಿ, ಸೀಟು ಒರೆಸಲಿ."

ಗ್ಲೆಂಡಾ ಕಣ್ಣು ಒರೆಸಿಕೊಂಡಳು. ಇಬ್ಬರೂ ಎದ್ದು, ನೋಯುವ ಕಾಲು ಎಳೆದುಕೊಂಡು, ಬಾಗಿಲಲ್ಲಿ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ಪ್ರಯಾಣಿಕರು ಒಬ್ಬೊಬ್ಬರಾಗಿ ಇಳಿದರು. ಹೊಳ್ಳರು ಯಾರ ಮುಖವನ್ನೂ ನೋಡದೆ ಕೈ ಮುಗಿದು, "ವಂದನೆಗಳು, ಮತ್ತೆ ಬನ್ನಿ. ವಂದನೆಗಳು, ಮತ್ತೆ ಬನ್ನಿ" ಅನ್ನುತ್ತಾ ಹೋದರು.

ಮುನಿತಿಮ್ಮನೂ ಸಾಲಿನಲ್ಲಿ ಬಂದ. ಒಳ್ಳೇ ನಿದ್ದೆಯಾಗಿತ್ತು, ಮುಖ ಅರಳಿತ್ತು.

"ವಂದನೆಗಳು, ಮತ್ತೆ ಬನ್ನಿ."

"ಆಗ್ಲಿ ಅಣ್ಣ" ಅಂದ ಮುನಿತಿಮ್ಮ. ಹೊರಗೆ ಕಾಲಿಟ್ಟ. ತಿರುಗಿದ. ಒಳಗೆ ಬಂದ! ಜನರ ನಡುವೆ ನುಸುಳಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತ. ಅವನ ಸರದಿ ಬಂತು.

"ವಂದನೆಗಳು, ಮತ್ತೆ ಬನ್ನಿ."

"ಆಗ್ಲಿ ಅಣ್ಣ!"

ಹೊರಗೆ ಹೋದ, ಒಳಗೆ ಬಂದ. ಹೊರಗೆ ಹೋದ, ಒಳಗೆ ಬಂದ. ಉಳಿದ ಪ್ರಯಾಣಿಕರೆಲ್ಲ ಹೋಗಿ ಆಯಿತು. ಸೋತ ಹೊಳ್ಳರು ಕಣ್ಣು ಮುಚ್ಚಿಕೊಂಡೇ ಕೈ ಮುಗಿಯುತ್ತಿದ್ದರು. "ಇನ್ನೂ ಎಷ್ಟು ಜನ ಉಂಟು ಗ್ಲೆಂಡಾ?" ಅಂದರು.

"ಒಬ್ಬನೇ ಸರ್" ಅಂದಳು ಗ್ಲೆಂಡಾ. "ಆದರೆ ಮುಗಿಯುದಿಲ್ಲ."