ಕೆಂಚಿಯ ಬೆನ್ನ ಮೇಲೆ ಕಾಡಿನ ಒಪ್ಪಿಗೆ

ಭೂಮಿ ಇನ್ನೂ ಹಸಿಯಾಗಿದ್ದ ಕಾಲವದು. ನದಿಗಳಿಗೆ ಸಮುದ್ರದ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹೋಗುತ್ತಿದ್ದವು. ಆಗ ಜಿಂಕೆಯ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಬರೀ ಕೆಂಚು ಮೈ. ಅದಕ್ಕೇ ಒಂದು ಎಳೆಯ ಜಿಂಕೆಗೆ ಎಲ್ಲರೂ ಕೆಂಚಿ ಎಂದು ಹೆಸರಿಟ್ಟಿದ್ದರು.

ಕೆಂಚಿಗೆ ನೆಲ್ಲಿಕಾಯಿ ಎಂದರೆ ಪ್ರಾಣ. ಜೊತೆಗೆ, ಕಂಡದ್ದಕ್ಕೆಲ್ಲ ಯಾಕೆ, ಯಾಕೆ ಎಂದು ಕೇಳುವ ಹುಚ್ಚು ಬೇರೆ.

ಒಂದು ಬೆಳಿಗ್ಗೆ ಹಳ್ಳದ ದಂಡೆಯಲ್ಲಿದ್ದ ನೆಲ್ಲಿಮರವನ್ನು ಕೇಳಿದಳು: "ನೆಲ್ಲಕ್ಕ, ನಿನ್ನ ತೊಗಟೆ ಯಾಕೆ ಹೀಗೆ ಸುಲಿದುಹೋಗಿದೆ?"

"ಹೋಗೋರು ಬರೋರೆಲ್ಲ ಕಿತ್ಕೊಂಡು ಹೋಗ್ತಾರೆ ಕಣವ್ವ," ಎಂದಿತು ಮರ.

ಅಲ್ಲೇ ಸುಳಿಯುತ್ತಿದ್ದ ಗಾಳಿ ಪಿಸುಗುಟ್ಟಿತು: "ಮೂಡಲ ಬೆಟ್ಟದಲ್ಲಿ ನೆಲ್ಲಿ ಮುಗೀತು. ಪಡುವಲ ಕಾಡಲ್ಲೂ ಮುಗೀತು. ಎಲ್ಲಾ ಕಡೆ ಸುತ್ತಿ ಬಂದೆ ಕೆಂಚಿ, ಉಳಿದಿರೋದು ಇದೊಂದೇ."

ಕೆಂಚಿ ಸುಲಿದ ಮರವನ್ನು ಸುತ್ತಿ ಸುತ್ತಿ ನೋಡಿದಳು. ಇದೂ ಒಣಗಿದರೆ ಲೋಕದಲ್ಲೇ ನೆಲ್ಲಿಯಿಲ್ಲ!

ಆಗೆಲ್ಲ ಒಂದೊಂದು ಬೆಟ್ಟಕ್ಕೆ ಒಬ್ಬೊಬ್ಬ ಕಾವಲುಗಾರ. ಈ ದಂಡೆಯ ಬೆಟ್ಟಕ್ಕೆ ಕರಡಿ. ಕೆಂಚಿ ಓಡಿಹೋಗಿ ಹೇಳಿದರೆ ಅವನು ಆಕಳಿಸಿದ. "ನನ್ನ ಕಾವಲು ಹಳ್ಳದ ತನಕ. ಆ ಮರದ ಬೇರು ನೀರೊಳಗಿದೆ. ಆಚೆ ದಂಡೆ ಹಂದಿಯಣ್ಣನ್ನ ಕೇಳು."

ಹಳ್ಳ ದಾಟಿ ಹೋದಳು. ಹಂದಿ ಮೂತಿ ತಿರುವಿದ. "ಬೇರು ಎಲ್ಲಾದ್ರೂ ಇರಲಿ, ಮರ ನಿಂತಿರೋದು ಆ ದಂಡೇಲಿ. ಕರಡಿಯಣ್ಣನ್ನ ಕೇಳು."

ಕೆಂಚಿ ಅತ್ತಿಂದಿತ್ತ ಹಳ್ಳ ದಾಟಿ ದಾಟಿ ಸುಸ್ತಾದಳು. ಕಾವಲುಗಾರರು ಇಬ್ಬರಿದ್ದರು, ಮರಕ್ಕೆ ಮಾತ್ರ ಕಾವಲಿರಲಿಲ್ಲ. ಅವಳಿಗೆ ಅಳುವೇ ಬಂತು.

ಕೊನೆಗೆ ಮುದಿ ಆನೆ ದೊಡ್ಡವ್ವನ ಹತ್ತಿರ ಹೋದಳು. "ದೊಡ್ಡವ್ವ, ಗಾಳಿಗೆ ಗಡಿ ಇಲ್ಲ, ನದಿಗೆ ಗಡಿ ಇಲ್ಲ. ಕಾವಲಿಗೆ ಮಾತ್ರ ಯಾಕೆ ಗಡಿ?"

ದೊಡ್ಡವ್ವ ಕಿವಿ ಬೀಸುವುದನ್ನೇ ಮರೆತಳು. ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಆಮೇಲೆ ಸೊಂಡಿಲೆತ್ತಿ ಘೀಳಿಟ್ಟಳು ನೋಡಿ, ಎಲ್ಲ ಬೆಟ್ಟಗಳಿಗೂ ಕೇಳಿಸಿತು.

ಎಲ್ಲರೂ ನೆಲ್ಲಿಮರದ ಕೆಳಗೆ ಸೇರಿದರು. ಕಾಲಿಲ್ಲದ ಗಿಡಮರಗಳು ಗಾಳಿಯ ಕೈಯಲ್ಲಿ ಒಂದೊಂದು ಎಲೆ ಕಳಿಸಿದವು. ಮನುಷ್ಯನನ್ನೂ ಕರೆದರು. ಅವನು ಕೊಡಲಿ ಮಸೆಯುತ್ತಾ, "ನೀವು ನಡೀರಿ, ಹಿಂದೆನೇ ಬಂದೆ," ಎಂದ.

ದೊಡ್ಡವ್ವ ಹೇಳಿದಳು: "ಇನ್ನು ಇಡೀ ನಾಡಿಗೆ ಒಂದೇ ಕಾವಲು ಕೂಟ. ಹಸಿವಿಗೆ ತಿನ್ನಿ, ಬೇಡ ಅನ್ನಲ್ಲ. ಆದರೆ ಯಾರ ವಂಶಾನೂ ಮುಗಿಸಬಾರದು. ಎಲ್ಲರೂ ಗುರುತು ಒತ್ತಬೇಕು."

"ಬಂಡೆ ಮೇಲೆ ಒತ್ತೋಣ," ಎಂದ ಕರಡಿ.

"ಬಂಡೆ ಇದ್ದಲ್ಲೇ ಇರುತ್ತೆ. ದೂರದ ಬೆಟ್ಟದೋರಿಗೆ ಹೇಗೆ ಗೊತ್ತಾಗಬೇಕು?" ಎಂದಳು ಕೆಂಚಿ.

ಎಲ್ಲರೂ ಕೆಂಚಿಯನ್ನೇ ನೋಡಿದರು. ಪ್ರಶ್ನೆ ಕೇಳಿದವರ ತಲೆಗೇ ಕೆಲಸ ಕಟ್ಟುವುದು ಅಂದಿನಿಂದಲೇ ಶುರುವಾಗಿರಬೇಕು!

ಅತ್ತಿಮರ ತನ್ನ ಬಿಳಿ ಹಾಲು ಕೊಟ್ಟಿತು. ಅದರಲ್ಲಿ ಅದ್ದಿ ಕೋತಿ ಕೆಂಚಿಯ ಬೆನ್ನ ಮೇಲೆ ಹೆಬ್ಬೆಟ್ಟು ಒತ್ತಿತು. ನವಿಲು ಕೊಕ್ಕು ಒತ್ತಿತು. ಬಂದ ಎಲೆಗಳೆಲ್ಲ ತುದಿ ಒತ್ತಿದವು. ಇರುವೆಯೂ ಒತ್ತಿತು. ಕೆಂಚಿಗೆ ಕಚಗುಳಿಯೋ ಕಚಗುಳಿ.

ಕೊನೆಗೆ ಹುಲಿ ಎದ್ದ. ಅತ್ತಿಯ ಹಾಲು ಮುಗಿದಿತ್ತು. "ನನ್ನ ಪಟ್ಟೆಯ ಕಪ್ಪೇ ಸಾಕು," ಎಂದ. "ನೀನು ಓಡಿದರೆ ನನ್ನ ಗುರುತಿಲ್ಲ. ನಾನಿಲ್ಲದೆ ಕೂಟವೂ ಇಲ್ಲ."

ಕೆಂಚಿಯ ನಾಲ್ಕೂ ಕಾಲು ಓಡು, ಓಡು ಎಂದವು. ಒಂದು ಮುಂಗಾಲು ತಾನಾಗಿಯೇ ಮೇಲೆದ್ದಿತು. ಅಷ್ಟರಲ್ಲಿ ಸುಲಿದ ನೆಲ್ಲಿಮರ ಕಣ್ಣಿಗೆ ಬಿತ್ತು. ಎತ್ತಿದ ಕಾಲು ಎತ್ತಿದಂತೆಯೇ, ಅವಳು ಕಲ್ಲಾಗಿ ನಿಂತಳು.

ಹುಲಿ ಉಗುರು ಒಳಗೆಳೆದುಕೊಂಡು, ಅವಳ ಕತ್ತಿನಿಂದ ಬಾಲದವರೆಗೆ ಒಂದೇ ಕಪ್ಪು ಗೆರೆ ಎಳೆದ. "ಗಟ್ಟಿಗಿತ್ತಿ ಕಣೇ ನೀನು," ಎಂದ. "ಈಗ ಓಡು. ನಾಳೆ ನನಗೆ ಹಸಿವಾಗುತ್ತೆ."

ಅವತ್ತಿನಿಂದ ಎರಡೂ ದಂಡೆಯವರು ನೆಲ್ಲಿಯನ್ನು ಕಾದರು. ಕೆಂಚಿ ಅದರ ಕಾಯಿ ಮೆದ್ದು, ಹೋದ ಬೆಟ್ಟದಲ್ಲೆಲ್ಲ ಬೀಜ ಉಗುಳಿದಳು. ಈಗ ಯಾವ ಬೆಟ್ಟಕ್ಕೆ ಹೋದರೂ ನೆಲ್ಲಿಯುಂಟು.

ಮನುಷ್ಯನೇ? ಅವನು ಬರಲೇ ಇಲ್ಲ. ದೊಡ್ಡವ್ವ ಅವನಿಗೆಂದು ಮೊದಲೇ ಕೆಂಚಿಯ ಗಂಟಲ ಕೆಳಗೆ ಅತ್ತಿಯ ಹಾಲು ಬಳಿಸಿ ಒಂದಿಷ್ಟು ಬಿಳಿ ಜಾಗ ಬಿಡಿಸಿದ್ದಳು. ಅದು ಇಂದಿಗೂ ಖಾಲಿಯೇ ಇದೆ.

ಅದಕ್ಕೇ ಮಗೂ, ಕಾಡಿನ ದಾರಿಯಲ್ಲಿ ನಿನ್ನನ್ನು ಕಂಡ ಜಿಂಕೆ ತಟ್ಟನೆ ಓಡುವುದಿಲ್ಲ. ಒಂದು ಕಾಲೆತ್ತಿ, ಬಿಳಿ ಕೊರಳು ತೋರಿಸಿ, ಇವನಾದರೂ ಗುರುತು ಒತ್ತಲು ಬಂದನೇನೋ ಎಂದು ಸ್ವಲ್ಪ ಹೊತ್ತು ನಿಂತು ನೋಡುತ್ತದೆ.